ಕಂಪನಿಗಳ ಜಗಳದ ಬಿಲ್ಲು ಕಾಲೇಜಿಗೆ ಯಾಕೆ?

ಹುಬ್ಬಳ್ಳಿ-ಧಾರವಾಡದ ಕಾಲೇಜುಗಳು ಆನ್‌ಲೈನ್ ಕಲಿಕೆಯನ್ನು ಖಾಸಗಿ ಕಂಪನಿಗಳಿಗೆ ಬಿಟ್ಟರೆ, ಪೈಪೋಟಿಯಿಂದ ಗುಣಮಟ್ಟ ಏರಿ ದರ ಇಳಿಯುತ್ತದೆ ಎನ್ನುತ್ತದೆ ಪ್ರಕಟವಾದ ಲೇಖನವೊಂದು. ಪೈಪೋಟಿ ಕೋರ್ಟಿನ ಮೆಟ್ಟಿಲನ್ನೂ ಹತ್ತುತ್ತದೆ, ಸ್ವಾಮಿ! ಒಂದೇ ಲಾಗಿನ್‌ನಲ್ಲಿ ಒಂದು ಕೋರ್ಸಿಗೆ ಶಿಕ್ಷಕ, ಇನ್ನೊಂದಕ್ಕೆ ವಿದ್ಯಾರ್ಥಿ ಆಗಬಹುದಾದ ವ್ಯವಸ್ಥೆಗೆ ಪೇಟೆಂಟ್ ಪಡೆದ ಆನ್‌ಲೈನ್ ಕಲಿಕಾ ಕಂಪನಿ ಬ್ಲ್ಯಾಕ್‌ಬೋರ್ಡ್, 2006ರಲ್ಲಿ ಕೆನಡಾದ ಪ್ರತಿಸ್ಪರ್ಧಿ ಡಿಸೈರ್‌ಟುಲರ್ನ್ ಮೇಲೆ ದಾವೆ ಹೂಡಿತು. 2008ರಲ್ಲಿ ಗೆದ್ದಿತು, ಆದರೆ 2009ರಲ್ಲಿ ಮೇಲ್ಮನವಿ ನ್ಯಾಯಾಲಯ ದಾವೆಯಲ್ಲಿದ್ದ ಪೇಟೆಂಟ್ ಹಕ್ಕುಗಳನ್ನೇ ಅಸಿಂಧು ಎಂದಿತು. ಇಂಥ ದಾವೆಗಳ ವಕೀಲರ ಫೀ ಕೊನೆಗೆ ಯಾರ ತಲೆಗೆ?

ಬೇರೆ ದಾರಿಯಿಲ್ಲ ಎಂಬುದೂ ಸುಳ್ಳು. 2002ರಿಂದ ಮೂಡಲ್ ಎಂಬ ಕಲಿಕಾ ತಂತ್ರಾಂಶ ಉಚಿತವಾಗಿ ಸಿಗುತ್ತಿದೆ. ಸರ್ವರ್‌ಗೆ, ಅದನ್ನು ನೋಡಿಕೊಳ್ಳುವವರಿಗೆ ಖರ್ಚಿದೆ, ಒಪ್ಪೋಣ. ಆದರೆ ಒಂದು ಕೋರ್ಸಿನ ಪಾಠ, ಕ್ವಿಜ್ ಎಲ್ಲವನ್ನೂ ಒಂದೇ ಬ್ಯಾಕಪ್ ಫೈಲ್ ಮಾಡಿ ಇನ್ನೊಂದು ಸರ್ವರ್‌ಗೆ ಒಯ್ಯಬಹುದು. ಇನ್ನು ಖಾಸಗಿ ಕಂಪನಿಯೇ ಮುಳುಗಿದರೆ? 2024ರಲ್ಲಿ ಬೆಂಗಳೂರಿನ ಆನ್‌ಲೈನ್ ಕಲಿಕಾ ಕಂಪನಿ ಬೈಜೂಸ್ ದಿವಾಳಿ ಪ್ರಕ್ರಿಯೆಗೆ ಸಿಲುಕಿದ್ದು ಲೇಖಕರಿಗೆ ನೆನಪಿಲ್ಲವೇ? ಕಂಪನಿ ಬಾಗಿಲು ಹಾಕಿದರೆ ಇಂಟರ್ನಲ್ ಅಂಕಗಳು ಯಾರ ಕೈಯಲ್ಲಿರುತ್ತವೆ ಎಂದು ಪ್ರಾಂಶುಪಾಲರು ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಕೇಳಲಿ.