ಮಾತ್ರೆ ಕೊಡುವವರು ಮನಸ್ಸನ್ನೂ ವಿಚಾರಿಸಲಿ

‘ಫಿಟ್ಸ್ ನಿಂತಾವಲ್ಲ, ಮತ್ತೇನ್ ಬೇಕು?’ ಮೂರ್ಛೆರೋಗದ ಮಾತ್ರೆ ನುಂಗಿ ಮಂಕಾದ ಮಗುವಿನ ತಾಯಿಗೂ, ಮಾತುಮಾತಿಗೆ ಸಿಡುಕುವ ಹುಡುಗನ ಮನೆಯವರಿಗೂ ಸಿಗುವ ಉತ್ತರ ಇದೊಂದೇ. ಇದು ತಪ್ಪೆಂದು ಗೊತ್ತಾಗಿ ಮೂರು ದಶಕ ದಾಟಿದೆ. ಜ್ವರದ ಫಿಟ್ಸ್ ಬಂದಿದ್ದ 217 ಎಳೆಯ ಮಕ್ಕಳ ಮೇಲೆ ನಡೆದ ಅಮೆರಿಕದ ಅಧ್ಯಯನವೊಂದು 1990ರಲ್ಲಿ ಪ್ರಕಟವಾಯಿತು. ಕೆಲವರಿಗೆ ಮೂರ್ಛೆರೋಗದ ಔಷಧ ಫಿನೋಬಾರ್ಬಿಟೋನ್, ಉಳಿದವರಿಗೆ ಹುಸಿ ಔಷಧ. ಎರಡು ವರ್ಷ ಕಳೆಯುವಷ್ಟರಲ್ಲಿ ಫಿನೋಬಾರ್ಬಿಟೋನ್ ಗುಂಪಿನ ಸರಾಸರಿ ಬುದ್ಧಿಸೂಚ್ಯಂಕ 8.4 ಅಂಶ ಕೆಳಗಿತ್ತು. ಔಷಧ ನಿಲ್ಲಿಸಿದ ಮೇಲೆ, ಆರು ತಿಂಗಳ ನಂತರವೂ 5.2 ಅಂಶ ಕೆಳಗೇ ಉಳಿದಿತ್ತು.

ಮಂಕುತನ, ಮರೆವು ಬರುವುದು ರೋಗದಿಂದ, ಮಾತ್ರೆಯಿಂದಲ್ಲ ಎನ್ನುವವರು ಈ 8.4ಕ್ಕೆ ಉತ್ತರ ಹೇಳಲಿ. ಎರಡೂ ಗುಂಪಿನ ಮಕ್ಕಳಿಗಿದ್ದದ್ದು ಒಂದೇ ತೊಂದರೆ. ಬೇರೆಯಾಗಿದ್ದದ್ದು ಔಷಧ ಮಾತ್ರ. ರೋಗವೂ ಮಿದುಳನ್ನು ದಣಿಸುತ್ತದೆ, ನಿಜ. ಹಾಗಾಗಿಯೇ ಸಿಡುಕು ಶುರುವಾದದ್ದು ಮಾತ್ರೆಗೆ ಮೊದಲೋ, ಆಮೇಲೋ, ಡೋಸ್ ಏರಿಸಿದಾಗಲೋ ಎಂದು ಕೇಳಲೇಬೇಕು. ಮೂರ್ಛೆರೋಗದ ಇನ್ನೊಂದು ಮಾತ್ರೆ ಲೆವೆಟಿರಾಸೆಟಮ್ ಕೆಲವರಲ್ಲಿ ಸಿಟ್ಟು, ಖಿನ್ನತೆ ತರುತ್ತದೆ. ಟೋಪಿರಮೇಟ್ ಮಾತ್ರೆ ತೆಗೆದುಕೊಳ್ಳುವ ಕೆಲವರಿಗೆ ಮಾತು ನಾಲಿಗೆಯ ತುದಿಯಲ್ಲೇ ನಿಂತುಬಿಡುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇಂಥ 11 ಔಷಧಗಳ 199 ಪ್ರಯೋಗಗಳನ್ನು ಒಟ್ಟಾಗಿ ನೋಡಿ, ಆತ್ಮಹತ್ಯೆಯ ಯೋಚನೆ, ವರ್ತನೆಗಳು ಸುಮಾರು ಎರಡು ಪಟ್ಟು ಹೆಚ್ಚುತ್ತವೆ ಎಂದು 2008ರಲ್ಲೇ ಎಚ್ಚರಿಸಿತು. ಸಾವಿರಕ್ಕೆ ಇಬ್ಬರಿದ್ದದ್ದು ನಾಲ್ವರಾಗುವುದನ್ನು ಅಪರೂಪವೆಂದು ಬದಿಗೆ ಸರಿಸಬಹುದೇ? ಹೆಚ್ಚಾದ ಆ ಇಬ್ಬರನ್ನು ಹುಡುಕುವವರು ಯಾರು?

ಅಡ್ಡಪರಿಣಾಮ ಹೇಳಿದರೆ ಹಳ್ಳಿ ಜನ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ ಎಂಬ ವಾದ ಕೇಳಿದರೆ ಮೈ ಉರಿಯುತ್ತದೆ. ಹೇಳಿಕೊಂಡದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳದಿದ್ದಾಗಲೇ ಜನ ಹೇಳದೆ ಕೇಳದೆ ಮಾತ್ರೆ ಬಿಡುವುದು. ಹಾಗೆ ಒಮ್ಮೆಲೇ ಬಿಟ್ಟರೆ ಫಿಟ್ಸ್ ನಿಲ್ಲದೆ ಬಂದು ಜೀವಕ್ಕೇ ಕುತ್ತಾಗಬಹುದು ಎಂಬುದನ್ನೂ ಅವರಿಗೆ ಯಾರೂ ಹೇಳಿರುವುದಿಲ್ಲ. ಅಗ್ಗದ ಮಾತ್ರೆಯಿಂದಲೇ ಹಳ್ಳಿಗರ ಫಿಟ್ಸ್ ಹತೋಟಿಗೆ ತರಬಹುದೆಂದು ಡಾ. ಕೆ.ಎಸ್. ಮಣಿ ಅವರ ತಂಡ ಯಳಂದೂರಿನಲ್ಲಿ ತೋರಿಸಿ, 2001ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿತು. ದೊಡ್ಡ ಕೆಲಸ. ಆದರೆ ಅದನ್ನು ಮುಂದಿಟ್ಟುಕೊಂಡು ಬಡವನಿಗೆ ಅಗ್ಗದ ಮಾತ್ರೆಯೇ ಸಾಕು, ಅವನ ಮನಸ್ಸಿನ ಗೊಡವೆ ಬೇಡ ಎನ್ನುವುದು ಅನ್ಯಾಯ.

ನಮ್ಮ ವಿಜಯಪುರ ಜಿಲ್ಲೆಯನ್ನೇ ನೋಡಿ. ತಿಕೋಟಾ, ಬಬಲೇಶ್ವರ ತಾಲ್ಲೂಕುಗಳಾದವು. ಅಷ್ಟರಿಂದ ನರರೋಗ ತಜ್ಞರು ಹತ್ತಿರ ಬರಲಿಲ್ಲ. ಖಾಸಗಿ ಸಹಭಾಗಿತ್ವದ (ಪಿಪಿಪಿ) ಕಾಲೇಜು ಬೇಡ, ಸರ್ಕಾರಿ ವೈದ್ಯಕೀಯ ಕಾಲೇಜೇ ಬೇಕು ಎಂದು 2025ರಲ್ಲಿ ವಿಜಯಪುರದ ಜನ ಧರಣಿ ಕೂರಬೇಕಾಯಿತು. ದುಡ್ಡಿದ್ದವರಿಗೆ ಸೊಲ್ಲಾಪುರ, ಬೆಳಗಾವಿ ಇದೆ, ದ್ರಾಕ್ಷಿ ತೋಟದ ಕೂಲಿಯವರು ಒಂದು ಮಾತ್ರೆ ಬದಲಿಸಲು ಐನೂರು ಕಿಲೋಮೀಟರ್ ದೂರದ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬೇಕೇ? ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಮೂರ್ಛೆರೋಗವನ್ನೂ ನೋಡಿಸಬಹುದೆಂದು ನಿಮ್ಹಾನ್ಸ್ 1980ರ ದಶಕದಲ್ಲೇ ಬಳ್ಳಾರಿಯಲ್ಲಿ ತೋರಿಸಿದೆ. ಮೂರ್ಛೆರೋಗಿಗಳಲ್ಲಿ ಖಿನ್ನತೆ ಪತ್ತೆಹಚ್ಚಲೆಂದೇ ರೂಪಿಸಿದ ಆರು ಪ್ರಶ್ನೆಗಳು 2006ರಿಂದ ಬಳಕೆಯಲ್ಲಿವೆ. ಕೇಳಲು ಹಿಡಿಯುವುದು ಕೆಲವೇ ನಿಮಿಷ, ಯಂತ್ರ ಬೇಡ, ಸ್ಕ್ಯಾನ್ ಬೇಡ. ಪ್ರತಿ ಸಲ ಮಾತ್ರೆ ಕೊಡುವಾಗ ನಿದ್ದೆ, ಸಿಟ್ಟು, ನೆನಪು, ಶಾಲೆಯ ಓದು ಹೇಗಿದೆ ಎಂದು ವಿಚಾರಿಸಿ ಚೀಟಿಯಲ್ಲಿ ಬರೆಯಬೇಕು. ಒಂದು ಮಾತ್ರೆ ಒಗ್ಗದವರಿಗೆ ಕೊಡಲು ಇನ್ನೊಂದು ಔಷಧ ತಿಕೋಟಾ, ಬಬಲೇಶ್ವರದ ಸರ್ಕಾರಿ ಆಸ್ಪತ್ರೆಗಳಲ್ಲೇ ಸಿಗಬೇಕು. ಜಿಲ್ಲಾ ಆರೋಗ್ಯಾಧಿಕಾರಿಗಳು ಈ ತಿಂಗಳೇ ಈ ಆದೇಶ ಹೊರಡಿಸಲಿ.