ಯೂರಿಯಾ ಎಂಡೋಸಲ್ಫಾನ್ ಅಲ್ಲ ಮಾರಾಯ್ರೆ!

ಶಾಲೆಯ ಹರಿವೆ ಸಾಲಿಗೆ ಚಿಟಿಕೆ ಯೂರಿಯಾ ಹಾಕಿದರೆ "ಮಕ್ಕಳಿಗೆ ವಿಷ ತಿನ್ನಿಸ್ತೀರಾ?" ಎನ್ನುತ್ತಾರೆ. ಕಾಸರಗೋಡಿನವರ ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 2000ದ ತನಕ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆಯಿದು. ಆದರೆ ಅದು ಕೀಟನಾಶಕ. ಯೂರಿಯಾ ಗೊಬ್ಬರ, ನೂರಕ್ಕೆ 46 ಪಾಲು ಸಾರಜನಕ. ಹಟ್ಟಿಗೊಬ್ಬರದ ಸಾರಜನಕವನ್ನೂ ಬೇರು ಹೀರುವುದು ಹೆಚ್ಚಾಗಿ ಅದೇ ನೈಟ್ರೇಟ್, ಅಮೋನಿಯಂ ಆದ ಮೇಲೆಯೇ.

ಹಾಗಂತ ಮುಷ್ಟಿಗಟ್ಟಲೆ ಎರಚುವವರ ಪರವೂ ನಾನಲ್ಲ. ಗಿಡ ಸುಟ್ಟುಹೋಗುತ್ತದೆ. ನಮ್ಮ ಮುರಕಲ್ಲಿನ ನೆಲದಲ್ಲಿ ಮಳೆ ಹೊಡೆದರೆ ಉಳಿದ ನೈಟ್ರೇಟ್ ಬಾವಿಗೆ ಇಳಿಯುತ್ತದೆ. ಅದು ಮಿತಿ ಮೀರಿದ ನೀರು ಹಸುಗೂಸುಗಳಿಗೆ ಅಪಾಯ. ಹಟ್ಟಿಗೊಬ್ಬರ ಅತಿಯಾದರೂ ಇದೇ ಕಥೆ! (ಇದನ್ನು ಹೇಳಿದರೆ ಸಾವಯವದವರಿಗೆ ಸಿಟ್ಟು.) ಏನೇನು ಸಿಂಪಡಿಸಿದ್ದಾರೋ ಗೊತ್ತಿಲ್ಲದ ಪೇಟೆಯ ಹೂಕೋಸು ಬಿಸಿಯೂಟಕ್ಕೆ ಬಂದಾಗ ಮಾತ್ರ ಯಾರೂ ಯಾಕೆ ಕೇಳುವುದಿಲ್ಲ?