“ಇನ್ನೇನೂ ಮಾಡೋಕಾಗಲ್ಲ” ಅನ್ನೋದು ಅರ್ಧ ಸುಳ್ಳು

ನಮ್ಮೂರು ಸೀರೀಸ್ – ಭಾಗ 6

“ನಮ್ಮ ಕೈಲಿ ಇನ್ನೇನೂ ಆಗಲ್ಲ, ಮನೆಗೆ ಕರ್ಕೊಂಡು ಹೋಗಿ.”

ಕ್ಯಾನ್ಸರ್ ಕೊನೇ ಹಂತಕ್ಕೆ ಬಂದಾಗ ಎಷ್ಟೋ ಮನೆಯವರು ಕೇಳೋ ಮಾತು ಇದು. ಮೈಸೂರಿನ ಆಸ್ಪತ್ರೆಗಳಿಗೆ ಮಂಡ್ಯ, ಚಾಮರಾಜನಗರ, ಕೊಡಗಿನಿಂದಲೂ ಜನ ಬರ್ತಾರೆ. ಈ ಮಾತು ಕೇಳಿ ಸುಮ್ಮನೆ ವಾಪಸ್ ಬಸ್ ಹತ್ತೋರೂ ಇದ್ದಾರೆ.

ನಾನು ಹೇಳೋದು ಇಷ್ಟೇ. ಕಾಯಿಲೆ ವಾಸಿ ಆಗಲ್ಲ ಅನ್ನೋದು ನಿಜ ಇರಬಹುದು. “ಏನೂ” ಮಾಡೋಕಾಗಲ್ಲ ಅನ್ನೋದು ಸುಳ್ಳು. ಮಾಡೋಕೆ ಏನಿದೆ ಅಂತ ಒಂದೊಂದಾಗಿ ನೋಡೋಣ.

ಮೊದಲು ನೋವು. ಮಾರ್ಫಿನ್ ಮಾತ್ರೆ ದುಬಾರಿ ಏನಲ್ಲ. ಡಾಕ್ಟರ್ ಹೇಳಿದ ಅಳತೆಯಲ್ಲಿ, ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಕೊಟ್ಟರೆ ನಿದ್ದೆನೇ ಬರದೆ ನರಳ್ತಿದ್ದವರು ಮಲಗ್ತಾರೆ. “ಚಟ ಹತ್ತುತ್ತೆ” ಅಂತ ಹೆದರೋ ಮನೆಗಳೇ ಜಾಸ್ತಿ. ನೋವಿಗೆ ಅಂತ ಸರಿಯಾಗಿ ಕೊಟ್ಟಾಗ ಹಾಗಾಗೋದು ತೀರಾ ಅಪರೂಪ. 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳೋದನ್ನೇ ಬಿಟ್ಟಿದ್ವು. 2014ರಲ್ಲಿ ಕಾನೂನು ಸಡಿಲ ಆಯ್ತು. ನಮ್ಮ ಹೆದರಿಕೆ ಮಾತ್ರ ಸಡಿಲ ಆಗಿಲ್ಲ.

ಆಮೇಲೆ ವಾಸನೆ. ಇದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ. ಕ್ಯಾನ್ಸರ್ ಗಾಯ ಕೊಳೆತು ವಾಸನೆ ಬಂದಾಗ ಅಕ್ಕಪಕ್ಕದವರು ಬರೋದು ನಿಲ್ಲಿಸ್ತಾರೆ, ಮೊಮ್ಮಕ್ಕಳು ಹತ್ತಿರ ಹೋಗಲ್ಲ. ನರ್ಸ್ ಬಂದು ಗಾಯ ತೊಳೆದು, ಮೆಟ್ರೋನಿಡಜೋಲ್ ಮಾತ್ರೆ ಪುಡಿ ಮಾಡಿ ಉದುರಿಸಿ ಡ್ರೆಸಿಂಗ್ ಮಾಡ್ತಾರೆ. ವಾಸನೆ ಕಡಿಮೆ ಆದ್ರೆ ಜನ ಮತ್ತೆ ಪಕ್ಕದಲ್ಲಿ ಬಂದು ಕೂತ್ಕೋತಾರೆ. ಅಗ್ಗದ ಮಾತ್ರೆ ಒಂದು ಮುಚ್ಚಿದ್ದ ಬಾಗಿಲು ತೆರೆಸುತ್ತೆ.

ಹಾಸಿಗೆ ಹುಣ್ಣು ಆಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸೋದು, ಒಣಗಿದ ಬಾಯಿ ಒರೆಸೋದು, ಎತ್ತಿ ಕೂರಿಸೋದು – ಇದನ್ನೆಲ್ಲ ಮನೆಯವರಿಗೆ ಕಲಿಸಿಕೊಡೋದೂ ಹಾಸ್ಪೈಸ್ ಕೆಲಸಾನೇ. ರೋಗಿ ಹೋದಮೇಲೂ ಉಳಿದವರನ್ನ ಮಾತಾಡಿಸೋಕೆ ಬರ್ತಾರೆ.

ಇದೆಲ್ಲ ಎಲ್ಲೋ ಫಾರಿನ್ನಲ್ಲಿ ಅಂದ್ಕೋಬೇಡಿ. ನಿಜ, ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಶುರು ಮಾಡಿದ್ರು. ನಮ್ಮ ಬೆಂಗಳೂರಲ್ಲಿ 1994ರಲ್ಲಿ ಟ್ರಸ್ಟ್ ಕಟ್ಟಿ, 1999ರಲ್ಲಿ ‘ಕರುಣಾಶ್ರಯ’ ತೆರೆದ್ರು. ಅಲ್ಲಿ ಇವತ್ತಿಗೂ ರೋಗಿಯಿಂದ ಒಂದು ರೂಪಾಯಿ ತಗೊಳಲ್ಲ. ಮೈಸೂರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನವರು ಮನೆಗಳಿಗೇ ಹೋಗಿ ಉಚಿತವಾಗಿ ಇಂಥ ಆರೈಕೆ ಮಾಡ್ತಾರೆ. ಆ ಸಂಸ್ಥೆನ 1984ರಲ್ಲಿ ಶುರು ಮಾಡಿದ್ದು ಯಾರು ಗೊತ್ತಾ? ಇಲ್ಲೇ ಮೈಸೂರು ಮೆಡಿಕಲ್ ಕಾಲೇಜಲ್ಲಿ ಓದ್ತಿದ್ದ ಹುಡುಗರು. ಹೆಚ್ಚುಕಮ್ಮಿ ನಮ್ಮ ವಯಸ್ಸಿನವರು.

ಇನ್ನು ದುಡ್ಡಿನ ವಿಷಯ. ರೋಗಿಗೆ ಉಚಿತ ಅಂದ್ರೆ ಖರ್ಚೇ ಇಲ್ಲ ಅಂತಲ್ಲ. ನರ್ಸ್ ಸಂಬಳ, ಗಾಡಿಗೆ ಪೆಟ್ರೋಲ್, ಹತ್ತಿ, ಗಾಜ್ ಬಟ್ಟೆ, ಮಾತ್ರೆ – ಎಲ್ಲದಕ್ಕೂ ತಿಂಗಳಾದ್ರೆ ದುಡ್ಡು ಬೇಕು. ನಾವು ದಾನ ಕೊಡೋ ರೀತಿ ಹೇಗಿರುತ್ತೆ? ಹೆಸರು ಬರೆಸೋಕೆ ಆಗೋ ವೀಲ್‌ಚೇರ್ ಕೊಡ್ತೀವಿ, ಫ್ಯಾನ್ ಕೊಡ್ತೀವಿ. ಪೆಟ್ರೋಲ್ ಮೇಲೆ ಹೆಸರು ಬರೆಸೋಕಾಗಲ್ಲ ನೋಡಿ. ಆದ್ರೆ ಗಾಡಿ ಹೊರಡದಿದ್ರೆ ಕೆ.ಆರ್. ಮೊಹಲ್ಲಾದ ಯಾವುದೋ ಮನೇಲಿ ಡ್ರೆಸಿಂಗ್ ಆಗಲ್ಲ. ಕೊಡೋದಾದ್ರೆ ತಿಂಗಳಿಗೆ ನೂರೇ ರೂಪಾಯಿ ಆಗ್ಲಿ, ತಪ್ಪದೆ ಕೊಡಿ. ಯಾವುದಕ್ಕೆ ಬೇಕೋ ಅದಕ್ಕೆ ಅವರೇ ಬಳಸ್ಕೊಳ್ಳಲಿ.

ದುಡ್ಡಿಲ್ವಾ? ಟೈಮ್ ಇದೆ ಅಲ್ವಾ?

ಗುಂಡ್ಲುಪೇಟೆ, ಬಂಡೀಪುರ ದಾಟಿ ಅದೇ ಹೆದ್ದಾರೀಲಿ ಹೋದ್ರೆ ಕೋಝಿಕ್ಕೋಡ್ ಸಿಗುತ್ತೆ. 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಸ್ನೇಹಿತರು ಅಲ್ಲೊಂದು ಸಂಸ್ಥೆ ಕಟ್ಟಿದ್ರು. ಆಮೇಲೆ ಬೀದಿಬೀದಿಯ ಸಾಮಾನ್ಯ ಜನಕ್ಕೇ ತರಬೇತಿ ಕೊಟ್ಟು, ಅಕ್ಕಪಕ್ಕದ ರೋಗಿಗಳನ್ನ ಅವರೇ ನೋಡ್ಕೊಳ್ಳೋ ಹಾಗೆ ಮಾಡಿದ್ರು. ವಿದ್ಯಾರ್ಥಿಗಳೂ ಸೇರ್ಕೊಂಡ್ರು. ಅಷ್ಟು ಹತ್ತಿರ ಆಗಿದ್ದು ಇಲ್ಲಿ ಯಾಕಾಗಬಾರದು?

ರೋಗಿಯನ್ನ ನೋಡ್ಕೊಳ್ಳೋರು ಹೆಚ್ಚಾಗಿ ಆ ಮನೆಯ ಹೆಂಗಸರೇ – ಹೆಂಡತಿ, ಮಗಳು, ಸೊಸೆ. ಒಂದು ಗಂಟೆ ನೀವು ರೋಗಿ ಪಕ್ಕ ಕೂತ್ರೆ ಆ ತಾಯಿ ತಲೆಗೆ ಸ್ನಾನ ಮಾಡಿ ಬರ್ತಾರೆ, ಇಲ್ಲಾ ಸ್ವಲ್ಪ ಕಣ್ಮುಚ್ಚುತಾರೆ. ಮೆಡಿಕಲ್ ಶಾಪ್‌ಗೆ ಹೋಗಿ ಬನ್ನಿ, ಪೇಪರ್ ಓದಿ ಹೇಳಿ. ಸಂಸ್ಥೆಯವರನ್ನ ಕೇಳಿ, ಅವರು ಹೇಳಿಕೊಟ್ಟ ಮೇಲೆ ಹೋಗಿ. ಒಂದು ಸಲ ಹೋಗಿ ಮಾಯ ಆಗ್ಬೇಡಿ, ಕಾಯ್ಕೊಂಡಿರ್ತಾರೆ.

ಇನ್ನೊಂದು ಮಾತು, ಬೇಜಾರಾದ್ರೂ ಪರವಾಗಿಲ್ಲ. ಬರ್ತ್‌ಡೇಗೆ ಹಣ್ಣು ಹಂಚಿ, ಮಲಗಿರೋರ ಜೊತೆ ಸೆಲ್ಫಿ ಹಾಕೋದನ್ನ ನಿಲ್ಲಿಸೋಣ. ಮೂಳೆಚಕ್ಕಳ ಆಗಿರೋ ತಮ್ಮ ಮುಖ ಸಾವಿರ ಜನ ನೋಡಲಿ ಅಂತ ಅವರೇನು ಕೇಳಿದ್ರಾ? ಬೇಡ ಅನ್ನೋಕೆ ಅವರಿಗೆ ತ್ರಾಣ ಇರಲ್ಲ, ಉಪಕಾರದ ಭಾರ ಬೇರೆ. ಇವತ್ತಿನ ಪೋಸ್ಟ್‌ನಲ್ಲಿ ಬರೀ ಬಾಗಿಲು, ಹೊರಗಿರೋ ಚಪ್ಪಲಿ ಇರೋದು ಅದಕ್ಕೇ.

ಅಕ್ಟೋಬರ್ ಎರಡನೇ ಶನಿವಾರ ವಿಶ್ವ ಹಾಸ್ಪೈಸ್ ಮತ್ತು ಪ್ಯಾಲಿಯೇಟಿವ್ ಕೇರ್ ದಿನ. ಹೆಚ್ಚುಕಮ್ಮಿ ದಸರಾ ಸಮಯ. ಊರೆಲ್ಲ ಲೈಟಿಂಗ್ ನೋಡೋಕೆ ಹೊರಟಿರುತ್ತೆ. ನಿಮ್ಮ ಬೀದೀಲಿ ಯಾವ ಮನೆಯವರು ಹೊರಗೆ ಬಂದಿಲ್ಲ ಅಂತ ಒಂದ್ಸಲ ನೋಡಿ. ಅವರಿಗೆ ಈ ವಿಷಯ ತಿಳಿಸಿ. ಕೊನೇ ವಾರದಲ್ಲಿ ಅಲ್ಲ, ಈಗಲೇ. ನೋವು ಶುರುವಾದಾಗಲೇ ಕರೆದ್ರೆ ಇವರು ಮಾಡೋ ಕೆಲಸ ತುಂಬಾ ಇದೆ.

ಕಾಲೇಜಿಂದ ವಾರಕ್ಕೊಂದು ಗಂಟೆ ಕೊಡೋಕೆ ಯಾರ್ಯಾರು ರೆಡಿ? ಕಾಮೆಂಟ್‌ನಲ್ಲಿ ಹೇಳಿ, ಒಟ್ಟಿಗೆ ಹೋಗಿ ಕೇಳೋಣ.

#ನಮ್ಮೂರುಸೀರೀಸ್ #ಮೈಸೂರು #ಒಂದುಗಂಟೆ